ನಾಲ್ಕು ಡೋಸು, ಅತ್ತೆಯ ಕೈ

ಫೆಬ್ರವರಿ 6, ಮಧ್ಯಾಹ್ನ

ಡಬ್ಬಿಗಳನ್ನು ಮತ್ತೆ ತುಂಬಿಸಿಟ್ಟೆ. ಐದು ಡಬ್ಬಿ, ಐದು ಚೀಟಿ — ಪ್ಲಸೀಬೊ, ಒಂದು, ಎರಡು, ಮೂರು, ನಾಲ್ಕು. ಒಳಗಿರುವುದು ಮಾತ್ರ ಒಂದೇ ಪ್ಯಾಕೆಟ್ಟಿನ ಒಂದೇ ಬಿಸ್ಕತ್ತು. "ಹೊಸ ಬೇಕರಿ. ಒಂದರಿಂದ ನಾಲ್ಕಕ್ಕೆ ಬೆಣ್ಣೆ ಏರಿಸುತ್ತ ಹೋಗಿದ್ದಾರೆ. ಪ್ಲಸೀಬೊದಲ್ಲಿ ಬೆಣ್ಣೆಯೇ ಇಲ್ಲ. ತಿಂದು ಅಂಕ ಕೊಡಿ" ಅಂತ ಆಫೀಸಿಗೆಲ್ಲ ಹೇಳಿದ್ದೆ. ಸತ್ತವರ ಮನೆಗೆ ಹೋದವಳ ಮುಖ ಮಾಡಿಕೊಂಡು.

ಇವತ್ತು ಲೆಕ್ಕ ಹಾಕಿದೆ. ಎರಡನೇ ಡಬ್ಬಿ ಪ್ಲಸೀಬೊಗಿಂತ ರುಚಿ. ಪಿ ವ್ಯಾಲ್ಯೂ 0.03. ಅಂದರೆ ನಿಜವಾಗಿ ಏನೂ ವ್ಯತ್ಯಾಸ ಇಲ್ಲದಿದ್ದರೂ ಬರೀ ಅದೃಷ್ಟದಿಂದ ಇಷ್ಟು ಅಂತರ ಕಾಣುವ ಸಂಭವ ನೂರಕ್ಕೆ ಮೂರು. ಐದಕ್ಕಿಂತ ಕಡಿಮೆಯಿದ್ದರೆ, ಹೊಸ ಔಷಧಿ ಪರೀಕ್ಷಿಸುವ ನಮ್ಮ ಕಸುಬಿನಲ್ಲಿ ಗೆದ್ದ ಹಾಗೆ. ಗೋಡೆಗೆ ಪ್ರಕಟಣೆ ಅಂಟಿಸಿದೆ: "ಸದರಿ ಎರಡನೇ ಬಿಸ್ಕತ್ತು ವೈಜ್ಞಾನಿಕವಾಗಿ ರುಚಿಕರವೆಂದು ಈ ಮೂಲಕ ಘೋಷಿಸಲಾಗಿದೆ."

ಕೆಳಗಿನ ಕ್ಲಿನಿಕ್ಕಿನಿಂದ ಡಾಕ್ಟರು ಹತ್ತಿ ಬಂದರು. ಓದಿದರು. ಸೀದಾ ಎರಡನೇ ಡಬ್ಬಿಗೇ ಕೈ ಹಾಕಿದರು.

"ನಾನು ಮೊದಲೇ ಹೇಳಿದ್ನಲ್ಲ, ಇದ್ರಲ್ಲಿ ಏನೋ ಇದೆ ಅಂತ."

ನಿಜ ಹೇಳಿಬಿಟ್ಟೆ. ಅರ್ಧ ಬಿಸ್ಕತ್ತು ಬಾಯಲ್ಲಿ, ಅರ್ಧ ಕೈಯಲ್ಲಿ. ಹಾಗೇ ನಿಂತರು. ಆಮೇಲೆ ಅಗಿದು, ಯೋಚಿಸಿ — "ಇಲ್ಲಮ್ಮ, ಎರಡು ಬೇರೆ ಥರಾನೇ ಇದೆ."

ಸರ್ ನಗಲಿಲ್ಲ. ಅಂಕಿಅಂಶ ವಿಭಾಗಕ್ಕೆ ಅವರೇ ಹಿರಿಯರು. ಉಳಿದ ವಿಭಾಗವೆಲ್ಲ ಸೇರಿ ನಾನೊಬ್ಬಳು. ಅವರಿಗೆ ನಾನಿಟ್ಟ ಹೆಸರು ಐದು ಪರ್ಸೆಂಟ್ ಸರ್. ಕೇಳಿದವರು ಲಂಚದ ಮನುಷ್ಯ ಅಂದುಕೊಳ್ಳುತ್ತಾರೆ, ಪಾಪ. ಅದು ತಪ್ಪು ಮಾಡಲು ನಮಗಿರುವ ಅನುಮತಿಯಷ್ಟೆ. ಒಂದು ಹೋಲಿಕೆಯಲ್ಲಿ ನೂರಕ್ಕೆ ಐದು ಸಲ ಎಡವಬಹುದು. ನಾಲ್ಕು ಹೋಲಿಕೆ ಮಾಡಿದರೆ ಎಲ್ಲಾದರೂ ಒಂದು ಕಡೆ ಎಡವುವ ಸಂಭವ ಇಪ್ಪತ್ತರ ಹತ್ತಿರ ಹೋಗುತ್ತದೆ. ಹಾಗಾಗಿಯೇ ಬಿಸ್ಕತ್ತು ಗೆದ್ದದ್ದು.

"ಇದನ್ನ ಮುಂದಿನ ಮೀಟಿಂಗಿಗೆ ತಗೊಂಡು ಬಾ" ಅಂದರು ಸರ್. ಬೈದರೋ ಹೊಗಳಿದರೋ ತಿಳಿಯಲಿಲ್ಲ.

ಫೆಬ್ರವರಿ 11, ಸಂಜೆ

ಕೈನಡುಕದ ಮಾತ್ರೆಯ ಮೀಟಿಂಗ್. ನಾಲ್ಕು ಡೋಸು. ಒಂದು ಅತಿ ಸಣ್ಣದು, ನಾಲ್ಕು ಅತಿ ದೊಡ್ಡದು. ಜೊತೆಗೆ ಪ್ಲಸೀಬೊ — ಔಷಧಿಯೇ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅಂತ ಕೊಡುವವರಿಗೂ ಗೊತ್ತಿರಲ್ಲ, ನುಂಗುವವರಿಗೂ ಗೊತ್ತಿರಲ್ಲ. ನಾಲ್ಕನ್ನೂ ಪ್ಲಸೀಬೊ ಜೊತೆ ಹೋಲಿಸುವಾಗ ಬಿಸ್ಕತ್ತಿನ ಗತಿ ಆಗದ ಹಾಗೆ ನೋಡಿಕೊಳ್ಳುವುದು ಹೇಗೆ, ಇದು ಇವತ್ತಿನ ಚರ್ಚೆ.

ಸರ್ ಬೋರ್ಡಿನ ಮೇಲೆ ಎರಡು ದಾರಿ ಬರೆದರು. ಒಂದು, ಡನೆಟ್ ವಿಧಾನ. ನಾಲ್ಕನ್ನೂ ಒಟ್ಟಿಗೆ ಹೋಲಿಸಬಹುದು, ಆದರೆ ನಾಲ್ಕು ಸಲ ಕೈ ಹಾಕಿದ್ದಕ್ಕೆ ಪ್ರತಿಯೊಂದಕ್ಕೂ ಪರೀಕ್ಷೆ ಬಿಗಿಯಾಗುತ್ತದೆ. ಎರಡು, ಮೆಟ್ಟಿಲು. ದೊಡ್ಡ ಡೋಸಿನಿಂದ ಶುರು. ಅದು ಗೆದ್ದರೆ ಮೂರಕ್ಕೆ ಇಳಿ, ಅದೂ ಗೆದ್ದರೆ ಎರಡಕ್ಕೆ. ಪ್ರತಿ ಮೆಟ್ಟಿಲಿಗೂ ಪೂರ್ತಿ ಐದು ಪರ್ಸೆಂಟ್ ಸಿಗುತ್ತದೆ. ಆದರೆ ಒಂದರಲ್ಲಿ ಸೋತರೆ ಅಲ್ಲೇ ಕೂತುಬಿಡಬೇಕು. ಕೆಳಗಿನದು ಎಷ್ಟು ಚೆನ್ನಾಗಿದ್ದರೂ ಅದು ಗೆದ್ದಿತು ಅನ್ನುವ ಹಾಗಿಲ್ಲ.

ಸರ್ ಮನಸ್ಸು ಡನೆಟ್ ಕಡೆ ಇತ್ತು. ನಾನು ಎದ್ದು ನಿಂತೆ. ದುಪಟ್ಟಾ ಹೆಗಲ ಮೇಲೆ ಸರಿ ಮಾಡಿಕೊಂಡು ಭಾಷಣ.

"ಮಾನ್ಯರೇ. ಔಷಧಿ ಜಾಸ್ತಿಯಾದರೆ ಗುಣವೂ ಜಾಸ್ತಿ. ಇದು ನಮ್ಮ ಅಜ್ಜಿಯಂದಿರ ಕಾಲದ ವಿಜ್ಞಾನ. ಮನೆಯ ಹಿರಿಮಗನಾದ ನಾಲ್ಕನೇ ಡೋಸೇ ನಡುಕದ ಎದುರು ಕೈಚೆಲ್ಲಿದ ಮೇಲೆ, ಚಡ್ಡಿ ಹಾಕಿಕೊಂಡ ಮೂರು, ಮೂಗು ಸೋರುವ ಎರಡು, ತೊಟ್ಟಿಲಲ್ಲಿರುವ ಒಂದು — ಇವರನ್ನೆಲ್ಲ ಯುದ್ಧಕ್ಕೆ ಕಳಿಸುವುದು ಯಾವ ನ್ಯಾಯ?"

ಎಲ್ಲರೂ ನಕ್ಕರು. ಡಾಕ್ಟರು ಮೇಜು ತಟ್ಟಿದರು.

"ಡೋಸ್ ಏರಿದ ಹಾಗೆ ಗುಣ ಏರಿ, ಕೊನೇಲಿ ಇಳಿದುಬಿಟ್ರೆ?" ಸರ್ ಕೇಳಿದರು.

"ಇಳಿಯಲ್ಲ ಸರ್." ಎದೆ ಮೇಲೆ ಕೈ ಇಟ್ಟು ಹೇಳಿದೆ.

ಮೆಟ್ಟಿಲು ಗೆದ್ದಿತು. ಸಹಿಗಳೂ ಆದವು. ಸರ್ ಕೊನೆಗೆ ಹೇಳಿದ್ದು: "ಬದಲಾಯಿಸೋದಿದ್ರೆ ಯಾರಿಗೆ ಯಾವ ಡೋಸ್ ಅನ್ನೋದು ತೆರೆಯೋಕೆ ಮುಂಚೆ. ತೆರೆದ ಮೇಲೆ ಒಂದಕ್ಷರ ಅಲುಗಿಸೋ ಹಾಗಿಲ್ಲ."

ನಾನು ಹೇಳಿದ್ದರಲ್ಲಿ ಅರ್ಧ ತಮಾಷೆ. ಯಾವ ಅರ್ಧ ಅಂತ ಕೇಳಿದರೆ... ಕೇಳಲಿಲ್ಲ ಸದ್ಯ.

ಏಪ್ರಿಲ್ 19, ಬೆಳಿಗ್ಗೆ

ಉಪ್ಪಿನ ಡಬ್ಬಿ ಹುಡುಕುತ್ತಿದ್ದೆ. ಅದರ ಹಿಂದೆ ಬಿಳಿ ಬಾಟ್ಲಿ. ನಮ್ಮದೇ ಸ್ಟಡಿಯ ಸಂಖ್ಯೆ, ನಮ್ಮದೇ ಲೇಬಲ್ಲು. ಮೊದಲು ಅನಿಸಿದ್ದು — ಆಫೀಸಿನ ಯಾರೋ ನನಗೇ ಆಟ ಕಟ್ಟಿದ್ದಾರೆ.

ಅಲ್ಲ. ಅತ್ತೆಯದು.

ಅಪ್ಪನ ಅಕ್ಕ. ನನ್ನನ್ನು ಸಾಕಿದವಳು. ಕೆಳಗೆ ಅವಳ ಕನ್ನಡಕ ರಿಪೇರಿ ಅಂಗಡಿ, ಮೇಲೆ ನಮ್ಮ ಮನೆ. ವರ್ಷದಿಂದ ಅವಳ ಬಲಗೈ ನಡುಗುತ್ತಿದೆ. ಕನ್ನಡಕದ ಕಾಲಿಗೆ ಹಾಕುವ ಸ್ಕ್ರೂ ಸಾಸಿವೆಗಿಂತ ಚಿಕ್ಕದು. ಗಿರಾಕಿ ಎದುರಿಗಿದ್ದರೆ "ನಾಳೆ ಬನ್ನಿ" ಅಂದು ಕಳಿಸಿ, ಅವರು ಹೋದ ಮೇಲೆ ಬಾಗಿಲು ಅರ್ಧ ಎಳೆದುಕೊಂಡು ಕೂರುತ್ತಾಳೆ.

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಇದ್ರ ಮೇಲೂ ಒಂದು ಭಾಷಣ ಮಾಡ್ತಿದ್ದೆ. ಡಾಕ್ಟರು ಹೇಳಿದ್ರು, ಸೇರ್ಕೊಂಡೆ. ಕ್ಲಿನಿಕ್ಕು ನಿನ್ ಆಫೀಸಿನ ಕೆಳಗಿದ್ರೆ ಮಾತ್ರೇನೂ ನಿಮ್ದೇ ಅಂತ ನಂಗೇನು ಗೊತ್ತು? ನಿನ್ ಆಫೀಸಲ್ಲಿ ಬಿಸ್ಕತ್ತು ತಿಂತಾರೆ ಅಂತ ಮಾತ್ರ ಗೊತ್ತು."

ಅವಳು ಓದಿಕೊಂಡ ಷರತ್ತು ಇದು: ಪರೀಕ್ಷೆ ಗೆದ್ದರೆ, ಕೊನೆತನಕ ಉಳಿದವರಿಗೆಲ್ಲ ಗೆದ್ದ ಡೋಸನ್ನು ಮುಂದುವರಿಸುತ್ತಾರೆ, ಅವರು ಇಲ್ಲಿಯವರೆಗೆ ಪ್ಲಸೀಬೊ ನುಂಗಿದ್ದರೂ. ಸೋತರೆ ಬಾಟ್ಲಿ ವಾಪಸ್. ಫಲಿತಾಂಶ ಬರುವವರೆಗೆ ಈಗಿನ ಮಾತ್ರೆಯೇ.

ಆ ಷರತ್ತು ನನಗೂ ಬಾಯಿಪಾಠ. ಇಷ್ಟು ದಿನ ಅದೊಂದು ಪ್ಯಾರಾ ಆಗಿತ್ತು.

ಏಪ್ರಿಲ್ 20

ಸರ್‌ಗೆ ಹೇಳಿದೆ. ನಗಿಸದೆ ಹೇಳಿದ್ದಕ್ಕೆ ಅವರೇ ಗಾಬರಿಯಾದರು. "ಯಾರಾದ್ರೂ ಹೋಗ್ಬಿಟ್ರಾ?"

ಆಮೇಲೆ ಯೋಚಿಸಿ ಹೇಳಿದರು: "ಪ್ಲಾನ್‌ಗೆ ಸಹಿ ಆಗಿದೆ. ಡೋಸಿನ ಪಟ್ಟಿ ತೆರೆದ ಮೇಲೂ ನನ್ನ ಹತ್ರಾನೇ ಇರುತ್ತೆ, ನಿನ್ನ ಕಣ್ಣಿಗೆ ಬೀಳಲ್ಲ. ನೀನು ಬೇರೆ ಕೆಲ್ಸ ಮಾಡ್ಕೊಂಡಿರು. ಪ್ಲಾನ್‌ನಲ್ಲಿ ಏನಾದ್ರೂ ತಪ್ಪು ಅನ್ಸಿದ್ರೆ ಮುಟ್ಬೇಡ. ನನ್ನ ಹತ್ರ ಬಾ."

ಬರ್ತೀನಿ ಸರ್, ಅಂದೆ.

ಮೇ 23, ಸಂಜೆ

ಅತ್ತೆಯ ಕೈ ನಿಂತಿದೆ.

ಅಂದರೆ — ನಿಂತ ಹಾಗಿದೆ. ಇವತ್ತು ಗಿರಾಕಿ ಎದುರಿಗೇ ಸ್ಕ್ರೂ ಕೂರಿಸಿದಳು. ಆತ ಮೊಬೈಲು ನೋಡುತ್ತಿದ್ದ. ಅವನ ಪಾಲಿಗೆ ಏನೂ ಆಗಲಿಲ್ಲ. ಅತ್ತೆ ಕನ್ನಡಕ ಒರೆಸಿ ಕೊಟ್ಟು, ಅವನು ಹೋದ ಮೇಲೂ ಕೈಯನ್ನೇ ನೋಡುತ್ತ ಕೂತಳು. ಬಾಡಿಗೆಗೆ ತಂದ ಕೈ ಅನ್ನುವ ಹಾಗೆ.

ಸಂಭ್ರಮಕ್ಕೆ ಅಂಗಡಿಯ ಕಣ್ಣು ಪರೀಕ್ಷೆಯ ಬೋರ್ಡಿನ ಕಟ್ಟಕಡೆಯ ಸಾಲು ಬದಲಿಸಿದೆ. ಅತಿ ಸಣ್ಣ ಅಕ್ಷರದಲ್ಲಿ: "ಇದು ಕಾಣುತ್ತಿದ್ದರೆ ತಮಗೆ ಏನೂ ಆಗಿಲ್ಲ, ಸುಮ್ಮನೆ ಮನೆಗೆ ಹೋಗಿ."

"ವ್ಯಾಪಾರ ಹಾಳು ಮಾಡೋ ಕೋತಿ" ಅಂದಳು. ತೆಗೆಸಲಿಲ್ಲ.

ಔಷಧಿಯೋ? ಅಥವಾ ಔಷಧಿ ಅಂತ ನಂಬಿದ್ದಕ್ಕೋ? ಅಥವಾ ನಡುಕಕ್ಕೆ ಅದರದೇ ಏರಿಳಿತ ಇರುತ್ತದಲ್ಲ, ಅದೋ? ಮೂರೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಬಿಸ್ಕತ್ತುಗಳ ಹಾಗೆ.

ಜೂನ್ 27, ಮಧ್ಯಾಹ್ನ

ಕ್ಲಿನಿಕ್ಕಿನ ನರ್ಸಕ್ಕ ಊಟಕ್ಕೆ ಮೇಲೆ ಬಂದಿದ್ದರು. ಡಬ್ಬಿಯ ಮುಚ್ಚಳ ಬಿಡಿಸುತ್ತ ಹೇಳಿದರು — "ನಿಮ್ಮ ಸ್ಟಡಿ ಕೆಲವರ ಹೊಟ್ಟೆನೇ ತೊಳೆಸ್ತಿದೆ ಕಣೇ. ಇವತ್ತೂ ಒಬ್ರು ವಾಂತಿ ತಡೀಲಾರೆ ಅಂತ ಬಿಟ್ಟು ಹೋದ್ರು."

"ಎಲ್ರಿಗೂ ಹಾಗೇನಾ?"

"ಇಲ್ಲ. ಆಗೋರಿಗೆ ಜೋರಾಗಿ ಆಗುತ್ತೆ. ಉಳಿದೋರು ಕಲ್ಲುಗುಂಡಿನ ಹಾಗಿದಾರೆ."

ಅವರು ಮೊಸರು ಕಲಸಿಕೊಂಡರು. ನಾನು ನನ್ನ ಡಬ್ಬಿ ಮುಚ್ಚಿದೆ.

ಆಗೋರಿಗೆ ಜೋರಾಗಿ — ಅವರೆಲ್ಲ ನಾಲ್ಕನೇ ಡೋಸಿನವರೇ ಆಗಿದ್ದರೆ? ನಮ್ಮ ಪ್ಲಾನ್ ಪ್ರಕಾರ ಅರ್ಧಕ್ಕೆ ಬಿಟ್ಟವರನ್ನು ಗುಣವಾಗದವರ ಜೊತೆ ಸೇರಿಸಿ ಎಣಿಸಬೇಕು. ಆಗ ದೊಡ್ಡ ಡೋಸು ಸೋಲುತ್ತದೆ. ಮೊದಲ ಮೆಟ್ಟಿಲಲ್ಲೇ. ಮೂರು ಎಷ್ಟೇ ಚೆನ್ನಾಗಿದ್ದರೂ ಅದರ ಸರದಿಯೇ ಬರುವುದಿಲ್ಲ.

ಪಟ್ಟಿ ಇನ್ನೂ ತೆರೆದಿಲ್ಲ. ಡನೆಟ್‌ಗೆ ಬದಲಾಯಿಸಲು ಅವಕಾಶ ಇದೆ. ತಪ್ಪೂ ಅಲ್ಲ.

ಜೂನ್ 28

ಸರ್ ಬಾಗಿಲವರೆಗೆ ಹೋದೆ. ಒಳಗೆ ಅವರು ಪೆನ್ಸಿಲ್ ಚೂಪು ಮಾಡುತ್ತಿದ್ದರು. ವಾಪಸ್ ಬಂದೆ.

ಬದಲಾಯಿಸಬೇಕು ಅನ್ನುತ್ತಿರುವುದು ಯಾರು? ಅಂಕಿಅಂಶ ಓದಿದವಳೋ, ಅತ್ತೆಯ ಸೊಸೆಯೋ? ಗೆದ್ದರೆ ಅತ್ತೆಗೆ ಮಾತ್ರೆ. ಡನೆಟ್ ಆದರೆ ಗೆಲ್ಲುವ ಬಾಗಿಲು ನಾಲ್ಕು. ಹಾಗಿದ್ದ ಮೇಲೆ ನನ್ನ ಬಾಯಿಂದ "ಡನೆಟ್" ಬಂದರೆ ಅದು ಸಲಹೆಯೋ, ವಶೀಲಿಯೋ?

ಅತ್ತೆ ಇಲ್ಲದಿದ್ದರೂ ಇದನ್ನೇ ಹೇಳುತ್ತಿದ್ದೆನಾ. ಹೌದು. ಅನಿಸುತ್ತೆ. ಅನಿಸುವುದು ಅತ್ತೆ ಇರುವುದರಿಂದಲೇ ಇರಬಹುದು.

ತಲೆ ಗಿರ್ ಅಂತಿದೆ.

ಜುಲೈ 9

ಕಾಫಿ ಯಂತ್ರದ ಹತ್ತಿರ ಸರ್. "ಏನಾದ್ರೂ ಹೇಳೋದಿದೆಯಾ?"

"ಇಲ್ಲ ಸರ್. ಸಕ್ಕರೆ ಮುಗಿದಿದೆ."

ಸಕ್ಕರೆ ಇಲ್ಲದ ಕಾಫಿ ಹಿಡಿದು ಹೋದರು.

ಪ್ರಾಮಾಣಿಕತೆಯ ಸಲುವಾಗಿ ಬಾಯಿ ಮುಚ್ಚಿಕೊಂಡಿದ್ದೇನೆ. ಸದರಿ ಮೌನವನ್ನು ಇತಿಹಾಸ ಗೌರವಿಸಲಿ. ಇತಿಹಾಸಕ್ಕೆ ಬೇರೆ ಕೆಲಸ ಇಲ್ಲದಿದ್ದರೆ.

ಆಗಸ್ಟ್ 21

ಕೊನೆಯ ರೋಗಿಯ ಕೊನೆಯ ಭೇಟಿ ಮುಗಿಯಿತು. ಡೇಟಾಗೆ ಬೀಗ. ಸರ್ ಡೋಸಿನ ಪಟ್ಟಿ ತೆರೆದರು. ಇನ್ನು ಬದಲಾವಣೆ ಇಲ್ಲ.

ಸೆಪ್ಟೆಂಬರ್ 3, ಬೆಳಿಗ್ಗೆ ಹನ್ನೊಂದು

ಸರ್ ಕೋಣೆ. ಡಾಕ್ಟರು, ನಾನು. ರೋಗಿಗಳ ಪಟ್ಟಿ ಮುಖ ಕೆಳಗಾಗಿ ಮೇಜಿನ ಮೇಲೆ. ಸರ್ ಕೈಯಲ್ಲಿ ಒಂದೇ ಹಾಳೆ.

"ನಾಲ್ಕನೇ ಡೋಸ್, 0.08."

ನೂರಕ್ಕೆ ಎಂಟು, ಐದರ ಮೇಲೆ. ಸೋತಿತು. ಮೊದಲ ಮೆಟ್ಟಿಲು. ಆ ಗುಂಪಿನಲ್ಲಿ ಮೂವರಲ್ಲಿ ಒಬ್ಬರು ವಾಂತಿಗೆ ಹೆದರಿ ಬಿಟ್ಟಿದ್ದರಂತೆ.

"ಮುಂದಿನದು ಓದಿ" ಡಾಕ್ಟರು ಅಂದರು.

"ಓದೋದೇನೋ ಓದ್ತೀನಿ. ಗೆಲುವು ಅಂತ ಕರೆಯೋ ಹಾಗಿಲ್ಲ. ಮೂರು — 0.004. ಎರಡು — 0.2. ಒಂದು, ಪ್ಲಸೀಬೊ ಥರಾನೇ."

ಡಾಕ್ಟರು ನನ್ನ ಕಡೆ ತಿರುಗಿದರು. "ಇದು ಬಿಸ್ಕತ್ತಲ್ಲಮ್ಮ. ಮೂರು ಕೆಲ್ಸ ಮಾಡ್ತಿದೆ. ಕಣ್ಣಿಗೆ ಹೊಡೆಯೋ ಹಾಗಿದೆ."

"ಎರಡನೇ ಡಬ್ಬೀನೂ ನಿಮಗೆ ಹಾಗೇ ಇತ್ತು" ಅಂದರು ಸರ್. ಡಾಕ್ಟರು ಬಾಗಿಲು ಹಾಕದೆ ಹೋದರು.

ಕಾಗದದ ಮೂಲೆಯಲ್ಲಿ ಲೆಕ್ಕ ಮಾಡಿದೆ. ಡನೆಟ್ ದಾರಿಯಲ್ಲಿ, ಬಿಗಿ ಮಾಡಿದ ಮೇಲೂ, ಮೂರನೇ ಡೋಸ್ 0.015ರ ಹತ್ತಿರ. ಗೆಲ್ಲುತ್ತಿತ್ತು. ಸರ್ ನೋಡಿದರು.

"ವಾಂತಿ ಲೆಕ್ಕ ನಂಗೂ ಕಂಡಿತ್ತು" ಅಂದರು. "ಜೂನ್‌ನಲ್ಲೇ."

"ಮತ್ತೆ?"

"ಮೆಟ್ಟಿಲು ನಿನ್ನದು. ಅಪಾಯ ಇದ್ರೆ ಮೊದಲು ನಿನಗೇ ಕಾಣುತ್ತೆ, ಬರ್ತೀಯ ಅಂದ್ಕೊಂಡೆ. ನೀನು ಬರ್ಲಿಲ್ಲ. ನನ್ನದೇ ಭ್ರಮೆ ಇರ್ಬೇಕು ಅಂತ ಸುಮ್ನಾದೆ. ನೀನ್ಯಾಕೆ ಬರ್ಲಿಲ್ಲ?"

"ಅತ್ತೆ ಇದ್ದಾಳಲ್ಲ ಸರ್. ಅವಳಿಗೋಸ್ಕರ ಹೇಳ್ತಿದೀನಿ ಅಂತ ಆಗ್ಬಾರ್ದು ಅಂತ."

ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಅದಕ್ಕೇ ನನ್ನ ಹತ್ರ ಬಾ ಅಂದಿದ್ದು. ತೀರ್ಮಾನ ನಾನು ಮಾಡ್ತಿದ್ದೆ. ನಿನ್ನ ಕೆಲ್ಸ ಬಂದು ಹೇಳೋದಷ್ಟೆ ಆಗಿತ್ತು."

ಹೌದು. ಅಷ್ಟೇ ಆಗಿತ್ತು. ಇಷ್ಟು ಸರಳ ಯಾಕೆ ಆಗ ಹೊಳೆಯಲಿಲ್ಲ?

ಸೆಪ್ಟೆಂಬರ್ 4, ಸಂಜೆ

ಅತ್ತೆಗೆ ಹೇಳಲು ಡಾಕ್ಟರು ಒಪ್ಪಿದರು. ಹೇಳಿದೆ.

"ಅಂದ್ರೆ ಮಾತ್ರೆ ಕೆಲ್ಸ ಮಾಡಲ್ವಾ?"

"ಮೂರನೇ ಡೋಸು ಮಾಡುತ್ತೆ ಅನ್ಸುತ್ತೆ. ಆದ್ರೆ ಹಾಗೆ ಹೇಳೋ ಹಾಗಿಲ್ಲ."

"ಯಾಕೆ?"

"ನಾಲ್ಕನೇದು ಸೋತಿತು."

"ಅದು ಸೋತ್ರೆ ಇದು ಏನ್ ಮಾಡ್ತು?"

"ಏನೂ ಮಾಡ್ಲಿಲ್ಲ. ನಾವು ಮೇಲಿಂದ ಇಳೀತೀವಿ ಅಂತ ಮೊದ್ಲೇ ಮಾತು ಕೊಟ್ಟಿದ್ವಿ."

"ಯಾರಿಗೆ?"

ಉತ್ತರ ಗೊತ್ತು — ನಮಗೆ ನಾವೇ. ಫಲಿತಾಂಶ ನೋಡಿದ ಮೇಲೆ ಚೆಂದ ಕಂಡದ್ದನ್ನು ಆರಿಸಿಕೊಳ್ಳದಿರಲಿ ಅಂತ. ಆಫೀಸಿನಲ್ಲಿ ಹೇಳಿದರೆ ಸರಿಯಾಗಿಯೇ ಕೇಳುತ್ತದೆ. ಅಂಗಡಿಯಲ್ಲಿ, ಅವಳ ಕೈ ಎದುರಿಗಿರುವಾಗ, ಬಾಯಿಗೇ ಬರಲಿಲ್ಲ.

"ಇಂಥ ಮಾತು ಕೊಟ್ಟಿದ್ ಮಹಾನುಭಾವ ಯಾರು?"

"ನಾನೇ. ಭಾಷಣ ಮಾಡಿ ಒಪ್ಪಿಸ್ದೆ."

ಬೈಯಲಿಲ್ಲ. ಫ್ರೇಮು ಒರೆಸುವ ಬಟ್ಟೆ ಮಡಿಸಿದಳು. ಬಿಡಿಸಿದಳು. ಮತ್ತೆ ಮಡಿಸಿದಳು. "ಚೆನ್ನಾಗಿ ಮಾಡಿರ್ತೀಯ ಬಿಡು" ಅಂದಳು.

ಬೈದಿದ್ದರೆ ಸುಲಭವಾಗಿತ್ತು.

ಸೆಪ್ಟೆಂಬರ್ 12

ಬಾಟ್ಲಿ ವಾಪಸ್ ಕೊಟ್ಟು ಬಂದಳು. ಪರೀಕ್ಷೆ ಮುಗಿದದ್ದರಿಂದ ಯಾರಿಗೆ ಯಾವ ಡೋಸ್ ಅಂತ ಡಾಕ್ಟರು ಎಲ್ಲರಿಗೂ ಹೇಳುತ್ತಿದ್ದಾರೆ.

ಅತ್ತೆಯದು ಒಂದು.

ತೊಟ್ಟಿಲಲ್ಲಿರುವ ಒಂದು. ಪ್ಲಸೀಬೊಗೂ ಅದಕ್ಕೂ ಅಂತರವೇ ಇಲ್ಲ ಅಂತ ನಮ್ಮ ಹಾಳೆ ಹೇಳುವ ಒಂದು.

"ಮತ್ತೆ ನನ್ ಕೈ ಹೆಂಗೆ ನಿಂತಿತ್ತು?" ಚಪ್ಪಲಿ ಬಿಡುತ್ತಲೇ ಕೇಳಿದಳು.

"ಗೊತ್ತಿಲ್ಲ."

"ನೀನು ಓದಿದ್ದು ಇದನ್ನೇ ಅಲ್ವಾ?"

"ಹೂಂ. ಗುಂಪಿಗೆ ಏನಾಯ್ತು ಅಂತ ಓದಿದ್ದು. ನಿನಗೆ ಏನಾಯ್ತು ಅಂತಲ್ಲ."

ಇಬ್ಬರೂ ಅವಳ ಕೈ ನೋಡಿದೆವು. ಸುಮ್ಮನೆ ಇತ್ತು. ಯಾರ ಪರವೂ ಸಾಕ್ಷಿ ಹೇಳದೆ.

ಅಕ್ಟೋಬರ್ 16, ಬೆಳಿಗ್ಗೆ

ನಡುಕ ವಾಪಸ್ ಬಂದಿದೆ. ಯಾವ ದಿನ ಶುರುವಾಯಿತೋ ಗೊತ್ತಿಲ್ಲ. ನನಗೆ ಕಾಣದ ಹಾಗೆ ಎಡಗೈಯಲ್ಲಿ ಬಲಗೈ ಹಿಡಿದುಕೊಂಡು ಎಷ್ಟು ದಿನ ತಳ್ಳಿದಳೋ. ಇವತ್ತು ಲೋಟದ ನೀರು ಮೇಜಿನ ಮೇಲೆ ಚೆಲ್ಲಿತು.

ಮಾತ್ರೆ ನಿಲ್ಲಿಸಿದ್ದಕ್ಕೆ? ಹಾಗಾದರೆ ಒಂದನೇ ಡೋಸೂ ಅವಳಿಗೆ ಕೆಲಸ ಮಾಡುತ್ತಿತ್ತು. ಆಸೆ ಬಿಟ್ಟಿದ್ದಕ್ಕೆ? ಹಾಗಾದರೆ ನಡುಕ ನಿಲ್ಲಿಸಿದ್ದು ಔಷಧಿಯಲ್ಲ. ಬಿಗಿ ಮಾಡಲು, ಸಡಿಲ ಮಾಡಲು ಇಲ್ಲಿ ಯಾವ ವಿಧಾನವೂ ಇಲ್ಲ. ಇರುವುದು ಒಬ್ಬಳು ಅತ್ತೆ.

ಮಧ್ಯಾಹ್ನ

ಒಳ್ಳೆಯ ಸುದ್ದಿ ಅಂತಲೇ ಬರೆಯಬೇಕು. ಹೊಸ ಸ್ಟಡಿ. ಎರಡು, ಮೂರು, ಪ್ಲಸೀಬೊ. ನಾಲ್ಕನೇ ಡೋಸಿಗೆ ನಿವೃತ್ತಿ. ಸರ್ ಹಳೆಯ ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದರು — ನಾವು ಹಾಕಿಕೊಂಡ ನಿಯಮದಲ್ಲಿ ಸೋತಿತು; ಮೂರರ ಮೇಲೆ ಕಣ್ಣಿಡಿ. ಅದರಿಂದಲೇ ಒಪ್ಪಿಗೆ ಸಿಕ್ಕಿತು. ಹಳೆಯ ಸ್ಟಡಿ ಮುಗಿಸಿದವರೂ ಸೇರಬಹುದು.

"ಪ್ಲಾನ್ ನೀನೇ ಬರಿ" ಅಂದರು ಸರ್. "ಈ ಸಲ ಯಾವ ಕ್ರಮದಲ್ಲಿ ಹೋಲಿಸ್ಬೇಕು ಅಂತ ನಿನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ."

ಸಂತೋಷವಾಯಿತು. ಮೆಟ್ಟಿಲು ಇಳಿಯುವಷ್ಟರಲ್ಲಿ ಹೋಯಿತು. ನಾನು ಪ್ಲಾನ್ ಬರೆದರೆ ಅತ್ತೆ ಸೇರುವ ಹಾಗಿಲ್ಲ. ಹೋದ ಸಲ ಅವಳು ಸೇರಿದ್ದು ಸಹಿ ಆದ ಮೇಲೆ ಗೊತ್ತಾಗಿತ್ತು. ಈ ಸಲ ಗೊತ್ತಿದ್ದೂ ಬರೆಯುವುದು ಆಗದು.

ಅಕ್ಟೋಬರ್ 19, ಬೆಳಿಗ್ಗೆ ಒಂಬತ್ತು

ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ.

ಈಗಷ್ಟೇ ಅತ್ತೆ ಸ್ಕ್ರೂ ಬೀಳಿಸಿದಳು. ಇಬ್ಬರೂ ನೆಲದ ಮೇಲೆ ಅಂಬೆಗಾಲಿಟ್ಟೆವು. ಮೇಜಿನಡಿಯಲ್ಲಿ ಮುಖಾಮುಖಿ.

"ಹೊಸ ಪರೀಕ್ಷೆಗೆ ನೀನು ಸೇರ್ಕೋ" ಅಂದೆ. "ನಾನು ಬಿಡ್ತೀನಿ."

"ನಿನ್ ಕೆಲ್ಸ ನೀನ್ಯಾಕೆ ಬಿಡ್ಬೇಕು?"

"ಆಫೀಸು ಬಿಡಲ್ಲ. ಆ ಒಂದು ಸ್ಟಡಿ ಬಿಡ್ತೀನಿ. ಪ್ಲಾನ್ ಬೇರೆ ಯಾರಾದ್ರೂ ಬರೀತಾರೆ."

"ಯಾರು?"

"ನನಗಿಂತ ಕಡಿಮೆ ಮಾತಾಡೋರು."

"ಅಂಥೋರು ಊರಿಗೆಲ್ಲ ಇದಾರೆ." ಸ್ಕ್ರೂ ಸಿಕ್ಕಿತು, ಅವಳ ಸೀರೆ ನೆರಿಗೆಯಲ್ಲೇ. ಎದ್ದೇಳಲಿಲ್ಲ. "ಈ ಸಲ ಔಷಧೀನೇ ಇಲ್ದಿರೋ ಮಾತ್ರೆ ಸಿಕ್ರೆ?"

"ಸಿಗಬಹುದು."

"ಮೂರು ಸಿಕ್ಕೂ ಕೈ ನಿಲ್ದಿದ್ರೆ?"

"ಅದೂ ಆಗಬಹುದು."

"ಒಂದಾದ್ರೂ ಗಟ್ಟಿಯಾಗಿ ಹೇಳ್ತೀಯೇನೇ ನೀನು?"

ಯೋಚಿಸಿದೆ. "ನೀನು ಸೇರೋದಾದ್ರೆ ನಾನು ಈಗ್ಲೇ ಸರ್‌ಗೆ ಫೋನ್ ಮಾಡ್ತೀನಿ. ಇಷ್ಟು ಮಾತ್ರ ಗಟ್ಟಿ."

ಅತ್ತೆ ಮೇಜಿನ ಕಾಲು ಹಿಡಿದು ಎದ್ದಳು. ಸ್ಕ್ರೂ ಬಟ್ಟಲಿಗೆ ಹಾಕಿದಳು. "ಮಾಡು. ಭಾಷಣ ಬೇಡ."

ಫೋನ್ ಹಚ್ಚಿದ್ದೇನೆ. ರಿಂಗಾಗುತ್ತಿದೆ. ಹೇಳಬೇಕಾದ್ದನ್ನು ಇಲ್ಲಿ ಬರೆದುಕೊಂಡು ನೋಡಿಕೊಂಡು ಹೇಳೋಣ ಅಂತ — ಸರ್, ಹೊಸ ಪ್ಲಾನ್ ನಾನು ಬರೆಯಲ್ಲ. ಅತ್ತೆ ಸೇರ್ತಾಳೆ. ಆದ್ರೆ ಯಾರು ಬರೆದ್ರೂ ಮೊದಲು ಮೂರನೇ ಡೋಸಿಂದ... ಅಲ್ಲ, ಅದನ್ನೂ ನಾನು ಹೇಳಬಾರದೋ ಏನೋ. ಹೇಳ್ಬೇಕಾ? ಬಂದು ಹೇಳೋದಷ್ಟೆ ನನ್ನ ಕೆಲ್ಸ ಅಂದಿದ್ದು ಅವ್ರೇ ಅಲ್ವಾ — ಎತ್ತಿದರು. "ಸರ್, ನಾನೇ. ಒಂದು ವಿಷಯ ಹೇಳೋದಿದೆ."